ಅಕ್ಕ ಊಟ ಮಾಡುವುದನ್ನು ನೋಡಲು ಹೋದದ್ದು

ನನ್ನ ಅಕ್ಕ ಊಟ ಮಾಡುವುದನ್ನು ನಾನು ನೋಡಿಯೇ ಇಲ್ಲ ಎಂಬ ಸಂಗತಿ ನನಗೆ ತಿಳಿದದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ, ಡಾಕ್ಟರ ಮೇಜಿನ ಎದುರು ಕೂತಾಗ.

ಅಕ್ಕನ ತೂಕ ಮೂವತ್ತನಾಲ್ಕು ಕೇಜಿಗೆ ಬಂದಿತ್ತು. ರವಿಕೆಗಳೆಲ್ಲ ದೊಡ್ಡವಾಗಿ, ಅವಳೇ ಕೂತು ಎರಡೆರಡು ಸಲ ಒಳಗೆ ಹೊಲಿಗೆ ಹಾಕಿಕೊಂಡಿದ್ದಳು. ಡಾಕ್ಟರು ಹೆಂಗಸು, ಹೆಚ್ಚು ಮಾತಿಲ್ಲ. "ದಿನಕ್ಕೆ ಎಷ್ಟು ತಿಂತಾರೆ ಇವರು?" ಎಂದು ಕೇಳಿದರು.

ನಾನು ಸರ್ಕಾರಿ ಕಚೇರಿಯಲ್ಲಿ ಕಡತ ತಿದ್ದಿ ನಿವೃತ್ತನಾದವನು. ಗೊತ್ತಿಲ್ಲದ ವಿಷಯಕ್ಕೆ ತಡವರಿಸದೆ ಉತ್ತರ ಕೊಡುವುದು ನನ್ನ ಸೇವಾವಧಿಯ ಸಂಪಾದನೆ. "ಬೆಳಿಗ್ಗೆ ತಿಂಡಿ, ಎರಡು ಹೊತ್ತು ಊಟ, ಮಧ್ಯೆ ಕಾಫಿ" ಎಂದೆ.

"ಅದು ನಿಮ್ಮನೆ ಟೈಂಟೇಬಲ್ಲು ಸಾರ್. ಇವರು ತಿನ್ನೋದನ್ನ ನೀವು ನೋಡಿದೀರಾ?"

ಪಕ್ಕದಲ್ಲಿದ್ದ ಅಕ್ಕ ನನ್ನ ಪರವಾಗಿ ವಾದಿಸಿದಳು: "ಅವನಿಗೇನು ಗೊತ್ತಾಗುತ್ತಮ್ಮ, ಪಾಪ. ಅವನದಾಗಿ ಎದ್ದು ಹೋಗಿರ್ತಾನೆ."

ಇದನ್ನು ಸ್ವಲ್ಪ ವಿವರಿಸಬೇಕು. ನಮ್ಮದು ಎನ್.ಆರ್. ಕಾಲೋನಿಯ ಹಳೆಯ ಮನೆ. ಅಕ್ಕ ಇಪ್ಪತ್ತಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ವಾರವೇ ಅಡುಗೆಮನೆ ಹೊಕ್ಕಳು, ಹೊರಗೆ ಬರಲಿಲ್ಲ. ಈಗ ಎಪ್ಪತ್ತಾರು. ಅಪ್ಪ ಅಮ್ಮ ಹೋಗಿ ಕಾಲವಾಯಿತು. ನಾನು ಮದುವೆಯಾಗಲಿಲ್ಲ, ಅದಕ್ಕೆ ಕಾರಣಗಳಿದ್ದವು, ಈಗ ಒಂದೂ ನೆನಪಿಲ್ಲ. ನಮ್ಮ ಮನೆಯ ಪದ್ಧತಿ ಏನೆಂದರೆ ಗಂಡಸರ ಊಟವಾದ ಮೇಲೆ ಹೆಂಗಸರದು. ಗಂಡಸರು ಎಂದರೆ ನಾನೊಬ್ಬ, ಹೆಂಗಸರು ಎಂದರೆ ಅಕ್ಕ ಒಬ್ಬಳು. ಆದರೂ ಎರಡು ಪಂಕ್ತಿ. ಮೊದಲನೆಯ ಪಂಕ್ತಿಯಲ್ಲಿ ನಾನು ಊಟ ಮಾಡಿ, ಕೈ ತೊಳೆದು, ನಡುಮನೆಗೆ ಬಂದು ಪೇಪರು ಬಿಡಿಸಿದ ಮೇಲೆ, ಎರಡನೆಯ ಪಂಕ್ತಿ ಒಳಗೆ, ಬಾಗಿಲಿಗೆ ಬೆನ್ನು ಹಾಕಿ, ನೆಲದ ಮೇಲೆ ಕೂರುತ್ತಿತ್ತು. ಆಮೇಲೆ ತಟ್ಟೆಯ ಸದ್ದು ಕೇಳಿಸುತ್ತಿತ್ತು. ಐವತ್ತು ವರ್ಷ ನಾನು ಆ ಸದ್ದನ್ನೇ ಊಟ ಎಂದು ನಂಬಿಕೊಂಡು ಬಂದೆ.

ಮಾರನೆಯ ಮಧ್ಯಾಹ್ನ ಪೇಪರು ಕೆಳಗಿಟ್ಟು, ಬರಿಗಾಲಲ್ಲಿ ಹೋಗಿ ಅಡುಗೆಮನೆ ಬಾಗಿಲಲ್ಲಿ ನಿಂತೆ. ಅಕ್ಕ ತಟ್ಟೆಗೆ ಅನ್ನ ಬಡಿಸಿಕೊಂಡಳು, ಸಾರು ಹಾಕಿಕೊಂಡಳು, ಶ್ರದ್ಧೆಯಿಂದ ಕಲಸಿದಳು. ಹತ್ತು ನಿಮಿಷ ಅದರ ಎದುರು ಕೂತಿದ್ದಳು. ಬೆರಳಿಂದ ಅತ್ತಿತ್ತ ಸರಿಸಿದಳು. ನಂತರ ಎದ್ದು ಹಿತ್ತಲ ಬಾಗಿಲ ಹತ್ತಿರ ಇದ್ದ ಬೋಗುಣಿಗೆ ಅಷ್ಟನ್ನೂ ಸುರಿದು, ತಟ್ಟೆ ತೊಳೆದಿಟ್ಟಳು. ಬೋಗುಣಿ ಹಸುವಿನದು. ಸಂಜೆ ನಮ್ಮ ರಸ್ತೆಗೆ ಬರುವ ಹಸು ಇತ್ತೀಚೆಗೆ ಒಳ್ಳೆ ಮೈತುಂಬಿಕೊಂಡಿದೆ ಎಂದು ನಾನೇ ಎದುರುಮನೆಯವರ ಹತ್ತಿರ ಹೇಳಿ ಸಂತೋಷಪಟ್ಟಿದ್ದೆ.

"ಇದೇನಕ್ಕ ಇದು?"

ಬೆಚ್ಚಿಬಿದ್ದಳು. ಕದ್ದು ತಿನ್ನುವವರು ಬೆಚ್ಚಿಬೀಳುವುದನ್ನು ನೋಡಿದ್ದೇನೆ, ಕದ್ದು ತಿನ್ನದವರನ್ನು ನೋಡಿದ್ದು ಅದೇ ಮೊದಲು.

"ಸೇರಲ್ಲ ಕಣೋ."

"ಯಾವಾಗಿಂದ?"

"ಯಾರು ನೋಡಿದ್ರು?" ಎಂದಳು. ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ನಿಜವಾಗಿಯೂ ಯಾರೂ ನೋಡಿರಲಿಲ್ಲ, ಅಷ್ಟೇ.

ಎಲ್ಲ ಪರೀಕ್ಷೆಗಳೂ ಆದವು. ಗಂಟಲಿಗೆ ಕೊಳವೆ ಇಳಿಸಿ ನೋಡಿದರು, ಹೊಟ್ಟೆಯ ಫೋಟೋ ತೆಗೆದರು. ಎಲ್ಲೂ ಏನೂ ಇರಲಿಲ್ಲ. ಡಾಕ್ಟರು ರಿಪೋರ್ಟುಗಳನ್ನು ಜೋಡಿಸಿ ಬದಿಗಿಟ್ಟು ಹೇಳಿದರು: "ಕಾಯಿಲೆ ಇದ್ದಿದ್ರೆ ಔಷಧಿ ಕೊಡ್ತಿದ್ದೆ. ಇವರಿಗೆ ತಿನ್ನೋ ಮನಸ್ಸೇ ಹೋಗಿದೆ. ಅದಕ್ಕೂ ಒಂದು ಮಾತ್ರೆ ಬರ್ದಿದೀನಿ, ಅದು ಕೆಲಸ ಮಾಡೋಕೆ ಟೈಮ್ ಬೇಕು. ಅಲ್ಲೀ ತನಕ ದೇಹ ತಡೀಬೇಕಲ್ಲ? ಹತ್ತು ದಿನ ನೋಡೋಣ. ತಿನ್ನೋಕೆ ಶುರು ಮಾಡಿದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಅಡ್ಮಿಟ್ ಮಾಡಿ. ಮೂಗಿಂದ ಟ್ಯೂಬ್ ಹಾಕೋದೇ."

ಈ ಹತ್ತು ದಿನಗಳ ಕಾರ್ಯಾಚರಣೆಯನ್ನು ನಾನು ವಿಧಿವತ್ತಾಗಿಯೇ ಕೈಗೊಂಡೆ. ಮೆಂತ್ಯದ ದೋಸೆ, ಗೊಜ್ಜವಲಕ್ಕಿ, ಹೆಸರುಬೇಳೆ ಪಾಯಸ, ಗಾಂಧಿ ಬಜಾರಿನ ಬಾಳೆಹಣ್ಣು, ನಾನೇ ಮಾಡಿದ ಒಂದು ಉಪ್ಪಿಟ್ಟು. ಉಪ್ಪಿಟ್ಟನ್ನು ನೋಡಿ ಅಕ್ಕ ನಕ್ಕಳು. ಆ ಹತ್ತು ದಿನಗಳಲ್ಲಿ ಅದರಿಂದಾದ ಪ್ರಯೋಜನ ಅಷ್ಟೇ. ಯಾವುದನ್ನೂ ಬೇಡ ಅನ್ನುತ್ತಿರಲಿಲ್ಲ. ಒಂದು ಚೂರು ನಾಲಗೆಗೆ ಮುಟ್ಟಿಸಿ, "ಚೆನ್ನಾಗಿದೆ, ನೀನು ತಿನ್ನು" ಎಂದು ತಟ್ಟೆಯನ್ನು ನನ್ನ ಕಡೆ ನೂಕುತ್ತಿದ್ದಳು.

ಆರನೆಯ ದಿನ ಕೊರಿಯಾ ಬಂತು.

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ. ಎರಡು ವರ್ಷದ ಹಿಂದೆ ಅಕ್ಕನ ಫೋನಿಗೆ ಕೊರಿಯಾದ ಧಾರಾವಾಹಿಗಳನ್ನು ಹಾಕಿಕೊಟ್ಟವಳು ಅವಳೇ. ಅವುಗಳಲ್ಲಿ ಕೊರಿಯಾದವರು, ನಮಸ್ಕಾರವೊಂದನ್ನು ಬಿಟ್ಟು, ಹಿಂದಿಯಲ್ಲಿ ಮಾತಾಡುತ್ತಾರೆ. ಅಕ್ಕನಿಗೆ ಹಿಂದಿ ಬಾರದು. ಆದರೂ ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆ, ಯಾವ ಅತ್ತೆ ಯಾವ ಸೊಸೆಗೆ ಕಾಟ ಕೊಡುತ್ತಿದ್ದಾಳೆ ಎಂಬುದೆಲ್ಲ ಅವಳಿಗೆ ಕರಾರುವಾಕ್ಕಾಗಿ ಗೊತ್ತಾಗುತ್ತದೆ. ಅಂದು ಸಂಜೆ ಪರದೆಯ ಮೇಲೆ ಬೋಳುತಲೆಯ ಸನ್ಯಾಸಿನಿಯರು ಸಾಲಾಗಿ ಕೂತು ಬಟ್ಟಲುಗಳಿಂದ ಊಟ ಮಾಡುತ್ತಿದ್ದರು. ಅಕ್ಕ ಮೈಮರೆತು ನೋಡುತ್ತಿದ್ದಳು.

"ಇವರು ತಿನ್ನೋದು ನೋಡಿದ್ರೆ ತಿನ್ಬೇಕು ಅನ್ಸುತ್ತೆ ಕಣೋ" ಎಂದಳು.

ನಾನು ಕೂತಲ್ಲಿಂದ ಎದ್ದುಬಿಟ್ಟೆ. ತಿನ್ಬೇಕು ಅನ್ಸುತ್ತೆ! ಈ ಮಾತನ್ನು ಡಾಕ್ಟರ ಸಮಕ್ಷಮದಲ್ಲಿ ಮತ್ತೊಮ್ಮೆ ಹೇಳಿಸಲು ಸಾಧ್ಯವಿದ್ದಿದ್ದರೆ ಆಟೋ ಹಿಡಿಯುತ್ತಿದ್ದೆ. ಬದಲಿಗೆ ಮಹಡಿಗೆ ಓಡಿದೆ. ಬ್ಯಾಂಕಿನ ಹುಡುಗಿ ಪರಿಸ್ಥಿತಿಯನ್ನು ಎರಡೇ ಮಾತಿನಲ್ಲಿ ಗ್ರಹಿಸಿದಳು. "ಅಂಕಲ್, ಬಸವನಗುಡೀಲೇ ಒಂದು ಹೊಸ ಕೊರಿಯನ್ ರೆಸ್ಟೋರೆಂಟ್ ಆಗಿದೆ. ಅಲ್ಲಿ ಅವರ ದೇವಸ್ಥಾನದ ಊಟ ಅಂತಾನೇ ಒಂದು ಸಿಗುತ್ತೆ. ಮೊಟ್ಟೆ ಮೀನು ಏನೂ ಇಲ್ಲ. ಈರುಳ್ಳಿ ಬೆಳ್ಳುಳ್ಳೀನೂ ಹಾಕಲ್ಲ. ಅಜ್ಜಿಗೆ ಹೇಳಿ ಮಾಡಿಸಿದ ಹಾಗಿದೆ."

ಅಕ್ಕ ಜೀವಮಾನದಲ್ಲಿ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ವಿದ್ಯಾರ್ಥಿ ಭವನವೋ ಬ್ರಾಹ್ಮಣರ ಕಾಫಿ ಬಾರೋ ಎಂದು ಊರೆಲ್ಲ ಸಾಲು ನಿಂತಾಗಲೂ, "ಯಾರು ಮಾಡಿದ್ದೋ, ಯಾವ ನೀರೋ" ಎಂದು ದೂರವಿದ್ದವಳು. ಅವಳು ಒಪ್ಪುವುದಿಲ್ಲವೆಂದೇ ನಾನು ವಾದಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ: "ಬೆಳ್ಳುಳ್ಳಿ ಇಲ್ಲ ತಾನೆ? ನಂಗೊತ್ತು, ಅವರಲ್ಲೂ ಮಡಿಯೋರು ಅದು ತಿನ್ನಲ್ಲ." ಎಷ್ಟೋ ವರ್ಷದಿಂದ ಮುಟ್ಟದ ರೇಷ್ಮೆ ಸೀರೆ ತೆಗೆದಳು. ಅದು ಅವಳ ಮೈಗೆ ಎರಡು ಸುತ್ತು ಹೆಚ್ಚಾಗಿಯೇ ಬಂತು. ಆಟೋದಲ್ಲಿ ನಾನು, ದೇವರನ್ನು ಅಷ್ಟಾಗಿ ತೊಂದರೆಗೊಳಿಸದವನು, ದೊಡ್ಡಗಣಪತಿಯ ದಿಕ್ಕಿಗೆ ತಿರುಗಿ ಒಂದು ಸಣ್ಣ ಮನವಿ ಸಲ್ಲಿಸಿದೆ.

ಆ ಕಟ್ಟಡದಲ್ಲಿ ಕೆಳಗೆ ಬೆಳ್ಳಿ ಸಾಮಾನಿನ ಅಂಗಡಿ, ನಡುವೆ ಹಲ್ಲಿನ ಡಾಕ್ಟರು, ಮೇಲೆ ಕೊರಿಯಾ. ಬಾಗಿಲಲ್ಲಿ ಬೂದುಬಣ್ಣದ ಏಪ್ರನ್ ತೊಟ್ಟ ಹೆಂಗಸೊಬ್ಬಳು ಸೊಂಟ ಬಗ್ಗಿಸಿ ಕೊರಿಯನ್ನಿನಲ್ಲಿ ಏನೋ ಅಂದಳು. ಅಕ್ಕ ಸೊಂಟ ಬಗ್ಗಿಸಿ ಅದನ್ನೇ ತಿರುಗಿ ಅಂದಳು.

"ಅಯ್ಯೋ ಅಮ್ಮಾ, ನಾನು ಮದ್ದೂರಿನೋಳು. ನಂಗೆ ಅದೊಂದು ಬಿಟ್ರೆ ಬೇರೆ ಬರಲ್ಲ."

"ನಂಗೂ ಅದೊಂದೇ ಬರೋದು" ಎಂದಳು ಅಕ್ಕ.

ಒಳಗೆ ಎಲ್ಲವೂ ಬೂದು. ಗೋಡೆ ಸಿಮೆಂಟು, ಕಂಬ ಸಿಮೆಂಟು, ದೀಪಗಳಿಗೆ ಕಡುಬಿನ ಬುಟ್ಟಿ ಮುಚ್ಚಿದಂತಿತ್ತು. ಮನೆ ಕಟ್ಟುತ್ತಾ ಕಟ್ಟುತ್ತಾ ಮೇಸ್ತ್ರಿ ಜಗಳ ಮಾಡಿಕೊಂಡು ಹೋಗಿರಬೇಕು ಎಂದುಕೊಂಡೆ. ಅದೇ ಈಗಿನ ಶೈಲಿಯಂತೆ. ನಮ್ಮನ್ನು ಬಿಟ್ಟರೆ ಅಲ್ಲಿದ್ದವರೆಲ್ಲ ಮೂವತ್ತರ ಒಳಗಿನವರು. ಪಕ್ಕದ ಮೇಜಿನ ನಾಲ್ವರು ಹುಡುಗಿಯರು ಬಂದ ಊಟವನ್ನು ಮುಟ್ಟದೆ ಫೋನು ಹಿಡಿದು ಸುತ್ತ ಆಡಿಸುತ್ತಿದ್ದರು.

"ಇವರು ಯಾಕೆ ಇನ್ನೂ ತಿಂತಿಲ್ಲ?" ಎಂದು ನಾನು ಕೇಳಿದೆ.

"ನೈವೇದ್ಯ ಮಾಡ್ತಿದಾರೆ, ಸುಮ್ನಿರು."

ಅಕ್ಕನಿಗೆ ಖುಷಿಯಾಗಿತ್ತು. ಅದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು, ಏಕೆಂದರೆ ಅವಳು ನನ್ನ ಎದುರು ಕೂತಿದ್ದಳು. ಐವತ್ತು ವರ್ಷದಲ್ಲಿ ನಾವು ಒಂದೇ ಮೇಜಿಗೆ, ಎದುರುಬದುರು, ಒಟ್ಟಿಗೆ ಊಟಕ್ಕೆ ಕೂತದ್ದು ಅದೇ ಮೊದಲು. ಅವಳ ಬಲಗೆನ್ನೆಯ ಮೇಲೆ ಒಂದು ಸಣ್ಣ ಮಚ್ಚೆ ಇದೆ. ಅದು ಮೊದಲಿನಿಂದ ಇದ್ದದ್ದೋ ಹೊಸದೋ ನನಗೆ ಗೊತ್ತಾಗಲಿಲ್ಲ.

ಮದ್ದೂರಿನಾಕೆ ತಟ್ಟೆಗಳನ್ನು ತಂದಿಟ್ಟಳು. ತಟ್ಟೆ ಅನ್ನಬಾರದು, ಗೊಂಬೆಯಾಟದ ಬಟ್ಟಲುಗಳು. ಒಂದರಲ್ಲಿ ಎಳ್ಳೆಣ್ಣೆ ಹಾಕಿದ ಪಾಲಕ್ ಸೊಪ್ಪು, ಒಂದರಲ್ಲಿ ತಾವರೆ ಗಡ್ಡೆಯ ಬಿಲ್ಲೆಗಳು, ಒಂದರಲ್ಲಿ ಮೊಳಕೆ ಕಾಳು, ಒಂದರಲ್ಲಿ ಕೆಂಪಗೆ ಎಲೆಕೋಸಿನ ಉಪ್ಪಿನಕಾಯಿ. ಹದಿಮೂರು ಬಟ್ಟಲು. ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಪಾತ್ರೆ, ಅದರೊಳಗೆ ಹೊಗೆಯಾಡುವ ಅನ್ನ. ಆಕೆ ಅನ್ನವನ್ನು ಬಟ್ಟಲಿಗೆ ತೋಡಿ ಹಾಕಿ, ಖಾಲಿಯಾದ ಕಲ್ಲಿನ ಪಾತ್ರೆಗೆ ಬಿಸಿನೀರು ಸುರಿದು, ಮರದ ಮುಚ್ಚಳ ಮುಚ್ಚಿದಳು. "ಇದು ಕೊನೇಗೆ. ಈಗ ತೆಗೀಬೇಡಿ" ಎಂದು ಹೇಳಿ ಹೋದಳು.

ನಾನು ಕೈಕಟ್ಟಿ ಕೂತೆ. "ಹೂಂ, ಶುರು ಮಾಡಕ್ಕ."

"ನೀನು ಮಾಡು."

"ಇವತ್ತು ನೀನು ಮೊದಲು."

"ಗಂಡಸು ನೀನು ಕೂತಿರೋವಾಗ ನಾನು ಹೆಂಗೆ ಬಾಯಿಗಿಡ್ಲೋ? ಆರಿಹೋಗುತ್ತೆ, ತಿನ್ನು."

ಇಲ್ಲಿ ನಾನು ನನ್ನ ಅಸ್ತ್ರ ತೆಗೆದೆ. ಮಹಡಿಯ ಹುಡುಗಿ ಹೇಳಿಕೊಟ್ಟಿದ್ದಳು. "ಅಕ್ಕ, ಕೊರಿಯಾದಲ್ಲಿ ಮನೆಗೆ ದೊಡ್ಡವರು ಯಾರೋ ಅವರು ಮೊದಲು ಚಮಚ ಎತ್ತಬೇಕು. ಅಲ್ಲೀವರೆಗೆ ಚಿಕ್ಕವರು ಮುಟ್ಟೋ ಹಾಗಿಲ್ಲ. ಹೌದೋ ಅಲ್ವೋ?"

ಅಕ್ಕ ಸಿಕ್ಕಿಬಿದ್ದಳು. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. "ಹೌದು, ಅಜ್ಜ ಚಮಚ ಎತ್ತೋ ತನಕ ಎಲ್ಲ ಕಾಯ್ತಾರೆ" ಎಂದಳು ಸಣ್ಣ ದನಿಯಲ್ಲಿ.

"ನೀನು ನನಗಿಂತ ಎಂಟು ವರ್ಷ ದೊಡ್ಡವಳು. ನೀನು ಎತ್ತದೆ ನಾನು ತಿಂದರೆ ಇಲ್ಲಿಂದ ಎಬ್ಬಿಸಿ ಕಳಿಸ್ತಾರೆ."

ನನ್ನನ್ನು ನೋಡಿದಳು, ಬಟ್ಟಲುಗಳನ್ನು ನೋಡಿದಳು. ಉದ್ದ ಹಿಡಿಯ ಚಮಚವನ್ನು ಎತ್ತಿ, ಅನ್ನದ ತುದಿಗೆ ಮುಟ್ಟಿಸಿ, ತುಟಿಯ ಹತ್ತಿರ ತಂದು, ಕೆಳಗಿಟ್ಟಳು. "ಆಯ್ತಲ್ಲ. ಈಗ ತಿನ್ನು."

"ಒಳಗೆ ಹೋಗಲಿಲ್ಲವಲ್ಲ!"

"ಎತ್ತಬೇಕು ಅಂತ ತಾನೆ ಶಾಸ್ತ್ರ? ಎತ್ತಿದೆ."

ಶಾಸ್ತ್ರವನ್ನು ಅಕ್ಷರಶಃ ಪಾಲಿಸಿ ಅದರ ಉದ್ದೇಶವನ್ನು ಸೋಲಿಸುವ ಕಲೆ ನಮ್ಮ ಕಚೇರಿಯ ಸ್ವತ್ತು ಎಂದುಕೊಂಡಿದ್ದೆ. ಅಡುಗೆಮನೆಯಲ್ಲೂ ಅದು ನಡೆದುಕೊಂಡು ಬಂದಿದೆ ಎಂದು ತಿಳಿದಿರಲಿಲ್ಲ.

ಆಮೇಲೆ ಅವಳು ಚಮಚದ ಪಕ್ಕದಲ್ಲಿದ್ದ ಊಟದ ಕಡ್ಡಿಗಳನ್ನು ಕೈಗೆತ್ತಿಕೊಂಡಳು. ಎರಡು ವರ್ಷ ನೋಡಿ ಕಲಿತ ವಿದ್ಯೆ. ಪಕ್ಕದ ಮೇಜಿನ ಹುಡುಗಿಯರಿಗಿಂತ ಚೆನ್ನಾಗಿ ಹಿಡಿದಳು. ತಾವರೆ ಗಡ್ಡೆಯ ಒಂದು ಬಿಲ್ಲೆಯನ್ನು ಜಾರದಂತೆ ಎತ್ತಿದಳು. ಎತ್ತಿ ನನ್ನ ಅನ್ನದ ಮೇಲೆ ಇಟ್ಟಳು. ಆಮೇಲೆ ಸೊಪ್ಪು. ಆಮೇಲೆ ಮೊಳಕೆ ಕಾಳು. "ಇದು ತಗೋ, ಮೈಗೆ ಒಳ್ಳೇದು. ಇದು ಹುಳಿ ಇದೆಯೇನೋ, ಸ್ವಲ್ಪ ಹಾಕಿದೀನಿ." ಹತ್ತೇ ನಿಮಿಷದಲ್ಲಿ ಆ ಸಿಮೆಂಟು ಹೋಟೆಲನ್ನು ಅವಳು ನಮ್ಮ ಮನೆಯ ಮೊದಲನೆಯ ಪಂಕ್ತಿಯಾಗಿ ಪರಿವರ್ತಿಸಿದ್ದಳು. ನನ್ನ ಬಟ್ಟಲು ಗೋಪುರವಾಯಿತು. ಅವಳದು ತಂದಿಟ್ಟ ಹಾಗೇ ಇತ್ತು.

ಮದ್ದೂರಿನಾಕೆ ಬಂದು ನೋಡಿದಳು. "ಯಾಕಮ್ಮ, ನೀವೇನೂ ತಗೊಂಡೇ ಇಲ್ಲ?"

"ಇವನದಾಗ್ಲಿ."

"ಇವರು ಯಾರು, ಯಜಮಾನ್ರಾ?"

"ತಮ್ಮ."

"ತಮ್ಮನಿಗೆ ಇಷ್ಟು ಉಪಚಾರನಾ? ನಮ್ಮಣ್ಣ ಬಂದ್ರೆ ನಾನು ತಟ್ಟೆ ತೋರಿಸ್ತೀನಿ, ಹಾಕ್ಕೊಂಡು ತಿನ್ನು ಅಂತೀನಿ."

ಅಕ್ಕ ಮನಸಾರೆ ನಕ್ಕಳು. ಆ ನಗುವಿನಲ್ಲೇ ಸೊಪ್ಪಿನ ಒಂದು ಎಸಳನ್ನು ಬಾಯಿಗಿಟ್ಟುಕೊಂಡಳು. ಅಗಿದಳು. ತುಂಬ ಹೊತ್ತು ಅಗಿದಳು. ಅವಳ ಕಣ್ಣು ನನ್ನ ಮೇಲೆ ಬಿತ್ತು. ನಾನು ಲಾಟರಿ ಫಲಿತಾಂಶ ನೋಡುವವನ ಹಾಗೆ ಅವಳ ಗಂಟಲನ್ನೇ ನೋಡುತ್ತಿದ್ದೆ ಎಂದು ಕಾಣುತ್ತದೆ. ಅವಳ ಮುಖ ಕೆಂಪಾಯಿತು. ಕಾಗದದ ಕರವಸ್ತ್ರ ತೆಗೆದುಕೊಂಡು, ಬಾಯಿ ಮರೆಮಾಡಿ, ಎಸಳನ್ನು ಅದರೊಳಗೆ ಇಳಿಸಿ, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹಂಗೆ ನೋಡಬೇಡ್ವೋ" ಎಂದಳು. "ನಂಗೆ ಅಭ್ಯಾಸ ಇಲ್ಲ."

ಕೆಲವು ತಪ್ಪುಗಳನ್ನು ತಿದ್ದಲು ಹೊರಟಾಗ ಅವು ಇನ್ನೂ ಕೆಟ್ಟ ತಪ್ಪುಗಳಾಗುತ್ತವೆ. ಐವತ್ತು ವರ್ಷ ನೋಡಲಿಲ್ಲ. ಈಗ ಎದುರು ಕೂತು, ಬೆಳಕಿನ ಬುಟ್ಟಿಯ ಕೆಳಗೆ, ದಿಟ್ಟಿಸಿದೆ. ನಾನು ತಲೆ ತಗ್ಗಿಸಿ ಗೋಪುರವನ್ನು ತಿನ್ನತೊಡಗಿದೆ. ರುಚಿಯಾಗಿತ್ತು. ಅದೇ ನಾಚಿಕೆಗೇಡು, ಬಹಳ ರುಚಿಯಾಗಿತ್ತು. ತಲೆ ತಗ್ಗಿಸಿದ್ದರೆ ಅವಳು ತಿಂದಾಳು ಎಂದು ಕಾದೆ. ಎದುರಿನಿಂದ ಸದ್ದು ಬರಲಿಲ್ಲ. ತಲೆ ಎತ್ತಿದಾಗ ಅವಳು ಪಕ್ಕದ ಮೇಜಿನ ಹುಡುಗಿಯರನ್ನು ನೋಡುತ್ತಿದ್ದಳು. ಅವರು ಒಬ್ಬರ ಬಟ್ಟಲಿಂದ ಒಬ್ಬರು ಕಿತ್ತು ತಿನ್ನುತ್ತ, ಬಾಯಲ್ಲಿ ತುಂಬಿಕೊಂಡೇ ಮಾತಾಡುತ್ತ, ಗಹಗಹಿಸಿ ನಗುತ್ತಿದ್ದರು.

"ಎಷ್ಟು ಚೆನ್ನಾಗಿ ತಿಂತಾರೆ ನೋಡು" ಎಂದಳು ಅಕ್ಕ.

ಕೊನೆಗೆ ಮದ್ದೂರಿನಾಕೆ ಬಂದು ಕಲ್ಲಿನ ಪಾತ್ರೆಗಳ ಮುಚ್ಚಳ ತೆಗೆದಳು. ಹಬೆಯ ಜೊತೆ ಸೀದ ಅನ್ನದ ವಾಸನೆ ಮೇಲೆದ್ದಿತು. ತಳಕ್ಕೆ ಹತ್ತಿಕೊಂಡಿದ್ದ ಅನ್ನ ಬಿಸಿನೀರಿನಲ್ಲಿ ಬಿಟ್ಟುಕೊಂಡು ಕಂದುಬಣ್ಣದ ಗಂಜಿಯಾಗಿತ್ತು. "ಇದೇ ಇವರಲ್ಲಿ ಸ್ಪೆಷಲ್ಲು. ಊಟದ ಕೊನೇಲಿ ಕುಡೀತಾರೆ. ಹೊಟ್ಟೆಗೆ ತುಂಬ ಹಗುರ" ಎಂದಳು.

ನನ್ನ ಕೊನೆಯ ಆಸೆ ಜಿಗಿಯಿತು. ಹಗುರ, ಬಿಸಿ, ಅಗಿಯುವ ಕೆಲಸವಿಲ್ಲ.

ಅಕ್ಕ ಬಗ್ಗಿ ನೋಡಿದಳು. ಚಮಚದಿಂದ ಒಮ್ಮೆ ಕದಡಿದಳು. ಅವಳ ಮುಖದಲ್ಲಿ ಆಶ್ಚರ್ಯವಿತ್ತು, ದಾರಿಯಲ್ಲಿ ಹಳೆಯ ಪರಿಚಯದವರು ಎದುರಾದಂತೆ, ಅದೂ ಬಹಳ ಬೇಕಾದವರಲ್ಲ.

"ಇದನ್ನ ಇಲ್ಲಿ ಕೊಡ್ತಾರಾ?"

"ಯಾಕಕ್ಕ?"

"ತಳ ಹತ್ತಿದ್ದು ಕಣೋ ಇದು. ಅಪ್ಪ, ಅಮ್ಮ, ನೀನು, ಬಂದೋರು ಹೋದೋರು ಎಲ್ಲರದೂ ಆದ್ಮೇಲೆ ಪಾತ್ರೇಲಿ ಇದೇ ತಾನೆ ಉಳೀತಿದ್ದಿದ್ದು? ನೀರು ಹಾಕಿ ಬಿಡಿಸ್ಕೊಂಡು, ಒಂದು ಚೂರು ಮಜ್ಜಿಗೆ ಹಾಕ್ಕೊಂಡು ಕುಡೀತಿದ್ದೆ."

"ಯಾವಾಗ?"

"ಯಾವಾಗಲೂ."

"ಇನ್ನೊಂದು ಸಲ ಅನ್ನ ಇಡಬಾರದಾಗಿತ್ತಾ?"

"ಒಬ್ಬಳಿಗೋಸ್ಕರ ಯಾರು ಒಲೆ ಹಚ್ತಾರೆ?" ಎಂದಳು ಅಕ್ಕ, ಸಹಜವಾಗಿ. ಕಲ್ಲಿನ ಪಾತ್ರೆಯನ್ನು ಎರಡು ಬೆರಳಿಂದ ನನ್ನ ಕಡೆ ಸರಿಸಿದಳು. "ನಂಗೆ ಇದು ಸಾಕಾಗಿದೆ. ನೀನು ಕುಡಿ. ನೀನು ಇದರ ರುಚಿ ನೋಡೇ ಇಲ್ಲ."

ನಾನು ಕುಡಿದೆ. ಎರಡೂ ಪಾತ್ರೆಯದನ್ನು ಕುಡಿದೆ. ಬೇಡ ಅನ್ನುವ ಅರ್ಹತೆ ನನಗಿದೆ ಎಂದು ಅನ್ನಿಸಲಿಲ್ಲ. ಒಗರು, ಸ್ವಲ್ಪ ಕಹಿ, ಆಮೇಲೆ ಸಿಹಿಯ ಹಾಗೊಂದು ಎಳೆ. ಪಕ್ಕದ ಮೇಜಿನವರು ಅದಕ್ಕೂ ಫೋನು ತೋರಿಸಿದರು.

ಇಳಿಯುವಾಗ ಲಿಫ್ಟಿನಲ್ಲಿ ಅಕ್ಕ, "ಚೆನ್ನಾಗಿತ್ತು ಕಣೋ. ನಿನಗೆ ಹೊಟ್ಟೆ ತುಂಬಿತಾ?" ಎಂದು ಕೇಳಿದಳು. ಅದಕ್ಕೆ ಹಿಂದಿನ ನಾಲ್ಕು ದಿನಗಳಲ್ಲಿ ಅವಳ ಹೊಟ್ಟೆಗೆ ಹೋದದ್ದು ನೀರು, ಎರಡು ಲೋಟ ಎಳನೀರು, ಮಾತ್ರೆಗಳು.

ಸೋಮವಾರ ಅಡ್ಮಿಟ್ ಮಾಡಿದೆವು. ಮೂಗಿನಿಂದ ಟ್ಯೂಬು ಇಳಿಸಿದರು. ಅಕ್ಕ ಅಳಲಿಲ್ಲ, ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಅವಳ ಬಳೆಯಿಲ್ಲದ ಮಣಿಕಟ್ಟು ನನ್ನ ಹೆಬ್ಬೆರಳಿಗಿಂತ ಬಹಳ ದಪ್ಪವೇನಲ್ಲ. ನರ್ಸು ದೊಡ್ಡ ಸಿರಿಂಜಿಗೆ ತೆಳುವಾದ ಗಂಜಿ ತುಂಬಿ, "ಮನೇಲಿ ನೀವೇ ಹಾಕಬೇಕು ಅಂಕಲ್, ಸರಿಯಾಗಿ ನೋಡ್ಕೊಳ್ಳಿ" ಎಂದು ಟ್ಯೂಬಿನ ತುದಿಗೆ ಜೋಡಿಸಿದರು.

ಆಗ ಅಕ್ಕ ನನ್ನ ಕೈ ಬಿಟ್ಟಳು. ಮೂಗಿನ ಹತ್ತಿರ ಟ್ಯೂಬನ್ನು ಎರಡು ಬೆರಳಿಂದ ಗಟ್ಟಿಯಾಗಿ ಚಿವುಟಿ ಹಿಡಿದಳು.

"ಅಜ್ಜೀ, ಕೈ ತೆಗೀರಿ. ಒಳಗೆ ಹೋಗಲ್ಲ."

"ಇವನದು ಊಟ ಆಯ್ತಾ ಕೇಳಮ್ಮ" ಎಂದಳು. ಟ್ಯೂಬಿನಿಂದಾಗಿ ದನಿ ಬೇರೆ ಯಾರದೋ ಹಾಗಿತ್ತು.

"ಆಯ್ತಕ್ಕ" ಎಂದೆ.

"ಸುಳ್ಳು. ಬೆಳಿಗ್ಗೆಯಿಂದ ಇಲ್ಲೇ ಇದೀಯ. ಹೋಗು, ತಿಂದ್ಕೊಂಡು ಬಾ."

ನರ್ಸು ನನ್ನನ್ನು ನೋಡಿದರು. ಮೂರು ಮಹಡಿ ಇಳಿದು ಕ್ಯಾಂಟೀನಿನಲ್ಲಿ ನಿಂತುಕೊಂಡು ಒಂದು ತಟ್ಟೆ ಚಿತ್ರಾನ್ನ ತಿಂದೆ, ಆರಿದ್ದು. ಮೂರು ಮಹಡಿ ಹತ್ತಿ ಬಂದೆ. ಅಕ್ಕ ಇನ್ನೂ ಚಿವುಟಿಕೊಂಡೇ ಇದ್ದಳು. ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ಒಗ್ಗರಣೆಯ ವಾಸನೆ ನೋಡಿ, ಖಾತ್ರಿಯಾದ ಮೇಲೆ ಬೆರಳು ಸಡಿಲಿಸಿದಳು.

ಮನೆಗೆ ಬಂದು ಒಂದು ತಿಂಗಳಾಯಿತು. ಮೂರು ಗಂಟೆಗೊಮ್ಮೆ, ದಿನಕ್ಕೆ ಆರು ಸಲ, ಅಕ್ಕನಿಗೆ ಗಂಜಿ ಹಾಕಬೇಕು. ಆರು ಸಲವೂ ಅವಳು ಮೊದಲು ಟ್ಯೂಬು ಚಿವುಟುತ್ತಾಳೆ. ಆದ್ದರಿಂದ ದಿನಕ್ಕೆ ಆರು ಸಲ ನಾನು ಅವಳ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಅವಳು ನೋಡುತ್ತಿರುವಂತೆ, ತಿನ್ನುತ್ತೇನೆ. ನನ್ನದಾದ ಮೇಲೆ ಬೆರಳು ಸಡಿಲಿಸಿ ಅವಳು ಒಳಗೆ ಬಿಟ್ಟುಕೊಳ್ಳುವುದು ಅರ್ಧ ಸಿರಿಂಜು ಮಾತ್ರ. ಹೋದ ವಾರ ತೋರಿಸಲು ಹೋದಾಗ ಡಾಕ್ಟರು ಅಕ್ಕನನ್ನು ತೂಕ ಮಾಡಿದರು. ಮೂವತ್ತಮೂರು. ಯಾಕೋ ಅನುಮಾನ ಬಂದು ನನ್ನನ್ನೂ ಹತ್ತಲು ಹೇಳಿದರು. ನಾನು ನಾಲ್ಕು ಕೇಜಿ ಏರಿದ್ದೇನೆ.